ಬೂದ್ಯಾನ ಉಸುಕಿನ ಪೆಟ್ಟಿಗೆ

ಕೆಲವು ವಿಷಯಗಳನ್ನು ಬರೆಯಲು ಕುಳಿತಾಗ ಲೇಖನಿಯೇ ಮುಖ ತಿರುಗಿಸುತ್ತದೆ. ಮಲಮೂತ್ರದ ಮಾತು ಅಂಥದ್ದು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಹುಡುಗನೊಬ್ಬ ಕಿರುಬೆರಳೆತ್ತಿ ‘ಸರ, ಒಂದಕ್ಕ’ ಎಂದರೆ ತಲೆಯಾಡಿಸುತ್ತಿದ್ದೆ. ಆ ವಿಷಯಕ್ಕೆ ಅದಕ್ಕಿಂತ ಹೆಚ್ಚಿನ ಶಬ್ದಗಳು ಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. 2008ರಲ್ಲಿ ನಿವೃತ್ತನಾದ ಮೇಲಂತೂ ಅದರ ಗೊಡವೆಯೇ ಉಳಿಯಲಿಲ್ಲ. ಆದರೂ ಇಂದು ಅದನ್ನೇ ಕುರಿತು ಬರೆಯಬೇಕಾಗಿದೆ. ಓದುಗರು ಸಂಕೋಚಪಡದೆ ಕೊನೆಯವರೆಗೆ ಬರಬೇಕೆಂದು ಪ್ರಾರ್ಥನೆ. ಇದಕ್ಕೆಲ್ಲ ಕಾರಣ ನಮ್ಮ ಮನೆಯ ಬೆಕ್ಕು, ಬೂದ್ಯಾ.

ನಮ್ಮ ಮನೆ ಇರುವುದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ. ಹೆಸರಿನಲ್ಲಿಯೇ ಬಯಲನ್ನು ಇಟ್ಟುಕೊಂಡ ಈ ಜಾಗದಲ್ಲಿ ಇಂದು ಬಯಲನ್ನು ಹುಡುಕಿದರೆ ಸಿಗುವುದು ಸಂಜೆಯ ಜನಜಂಗುಳಿ. ಗಿರಮಿಟ್ಟು, ಮಿರ್ಚಿ ಭಜಿಗಳ ಗಾಡಿಗಳು, ಹೂವು ಹಣ್ಣು ಮಾರುವವರು, ಅವರ ನಡುವೆ ದಾರಿ ಮಾಡಿಕೊಳ್ಳುವ ಸ್ಕೂಟರುಗಳು. ಬ್ರಾಡ್‌ವೇ, ಶಹಾ ಬಜಾರ್, ಮರಾಠಾ ಗಲ್ಲಿ, ಎತ್ತ ಹೊರಳಿದರೂ ಅಂಗಡಿಯೇ. ನಮ್ಮ ಹಿರಿಯರು ಶೌಚಕ್ಕೆ ಹೋಗುವುದನ್ನು ‘ಬಯಲಕಡೆ ಹೋಗುವುದು’ ಎನ್ನುತ್ತಿದ್ದರು. ಬಯಲಿದ್ದ ಕಾಲದ ಮಾತು ಅದು. ಬೈಲಿನಲ್ಲಿ ವಾಸಿಸುತ್ತಿದ್ದರೂ ಬಯಲಕಡೆ ಹೋಗಲು ನಮ್ಮ ಬೆಕ್ಕಿಗೆ ಅಂಗೈಯಗಲ ಮಣ್ಣು ಸಿಗದಂತಾದದ್ದೇ ಈ ಕಥೆಯ ಮೂಲ.

ನಾನು ಚಿಕ್ಕವನಿದ್ದಾಗ ಹಾಗಿರಲಿಲ್ಲ. ನಮ್ಮ ಮನೆಗೊಂದು ಹಿತ್ತಲಿತ್ತು. ಅಲ್ಲೊಂದು ನುಗ್ಗಿಯ ಗಿಡ, ತುಳಸಿಕಟ್ಟೆ, ಪಾತ್ರೆ ತಿಕ್ಕುವ ಬಂಡೆ. ಅದರ ಪಕ್ಕದಲ್ಲಿ ಅವ್ವ ಒಲೆಯಿಂದ ಗೋರಿ ತಂದು ಸುರಿಯುತ್ತಿದ್ದ ಬೂದಿಯ ಗುಡ್ಡೆ. ಓಣಿಯ ಕಾಳಿನ ಅಂಗಡಿಗಳಲ್ಲಿ ಇಲಿಗಳಿಗೆ ಬರವಿರಲಿಲ್ಲ. ಆದ್ದರಿಂದ ಬೆಕ್ಕುಗಳಿಗೂ ಬರವಿರಲಿಲ್ಲ. ಅವು ಯಾರೊಬ್ಬರ ಮನೆಯವೂ ಆಗಿರದೆ ಓಣಿಯವಾಗಿದ್ದವು. ನಮ್ಮಲ್ಲಿ ಹಾಲು ಕುಡಿದು, ನೆರೆಮನೆಯಲ್ಲಿ ಮರಿ ಹಾಕಿ, ಮತ್ತೊಬ್ಬರ ಅಟ್ಟದ ಮೇಲೆ ಮಲಗುತ್ತಿದ್ದವು. ದೇಹಬಾಧೆಯಾದಾಗ ಹಿತ್ತಲಿಗೆ ಬಂದು, ಬೂದಿಯಲ್ಲಿ ಕುಳಿ ತೋಡಿ, ಕೆಲಸ ಮುಗಿಸಿ, ಮೂಸಿ ನೋಡಿ, ಮುಚ್ಚಿ ಹೋಗುತ್ತಿದ್ದವು. ಅವ್ವ ನಮಗೆ ಅದನ್ನೇ ತೋರಿಸಿ, ‘ನೋಡ್ರಿ, ಅದಕ್ಕಿರೋ ಬುದ್ಧಿ ನಿಮಗಿಲ್ಲ’ ಎಂದು ಬಯ್ಯುತ್ತಿದ್ದಳು.

ಮುಂದೆ ಅಡುಗೆ ಅನಿಲ ಬಂದು ಬೂದಿ ಹೋಯಿತು. ಮನೆಯನ್ನು ಕೆಡವಿ ಕಟ್ಟಿಸಿದಾಗ ಹಿತ್ತಲೂ ಹೋಗಿ, ಆ ಜಾಗದಲ್ಲಿ ಬಾಡಿಗೆಯ ಎರಡು ಮಳಿಗೆಗಳು ಎದ್ದವು. ನಾವು ಮಹಡಿಯ ಮೇಲೆ ಉಳಿದೆವು. ಆ ಬಳಿಕ ಸಾಕಿದ ಒಂದು ಬೆಕ್ಕು ಓಣಿಯ ತಿರುವಿನಲ್ಲಿ ಆಟೋದ ಗಾಲಿಗೆ ಸಿಕ್ಕಿತು. ನನ್ನ ಹೆಂಡತಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 2021ರಲ್ಲಿ ಮಳಿಗೆಯ ಗೋಣಿಚೀಲಗಳ ನಡುವೆ ಬೂದಿ ಬಣ್ಣದ ಮರಿಯೊಂದು ಸಿಕ್ಕಾಗ, ಅದನ್ನು ಮಹಡಿಯಿಂದ ಕೆಳಗೆ ಇಳಿಸುವುದಿಲ್ಲ ಎಂಬ ಷರತ್ತಿನ ಮೇಲೆಯೇ ಆಕೆ ಅದನ್ನು ಮನೆಗೆ ತಂದಳು. ಬಣ್ಣದಿಂದ ಬೂದ್ಯಾ ಎಂಬ ಹೆಸರಾಯಿತು.

ಬೆಂಗಳೂರಿನಲ್ಲಿರುವ ಮಗಳು ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಹರಳುಗಳ ಚೀಲವನ್ನೂ ಕಳಿಸಿದಳು. ಅದಕ್ಕೆ ಲಿಟರ್ ಬಾಕ್ಸ್ ಎನ್ನುತ್ತಾರಂತೆ. ನನ್ನ ಹೆಂಡತಿ ಒಂದೇ ದಿನದಲ್ಲಿ ಅದಕ್ಕೆ ‘ಉಸುಕಿನ ಪೆಟ್ಟಿಗೆ’ ಎಂದು ಕನ್ನಡದ ಹೆಸರಿಟ್ಟಳು. ಮಣ್ಣನ್ನು ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತೇ ಎಂದು ನಾನು ನಕ್ಕೆ. ಆದರೆ ಅದರ ಚರಿತ್ರೆಯನ್ನು ಓದಿದಾಗ ಅವ್ವನ ಬೂದಿಗುಡ್ಡೆ ನೆನಪಾಯಿತು. ಅಮೆರಿಕದ ಮಿಶಿಗನ್‌ನಲ್ಲಿ 1947ರಲ್ಲಿ ನೆರೆಯ ಹೆಂಗಸೊಬ್ಬಳು ಎಡ್ ಲೋ ಎಂಬ ವ್ಯಾಪಾರಿಯ ಬಳಿಗೆ ಬಂದು, ಬೆಕ್ಕಿನ ಪೆಟ್ಟಿಗೆಗೆ ಬೂದಿ ಹಾಕಿದರೆ ಮನೆತುಂಬ ಕರಿ ಹೆಜ್ಜೆ ಮೂಡುತ್ತವೆ, ಬೇರೇನಾದರೂ ಕೊಡು ಎಂದು ಕೇಳಿದಳಂತೆ. ಎಣ್ಣೆ ಹೀರಲು ಬಳಸುತ್ತಿದ್ದ ಜೇಡಿಮಣ್ಣಿನ ಹರಳುಗಳನ್ನು ಅವನು ಕೊಟ್ಟ. ಅಲ್ಲಿಂದ ಮುಂದೆ ಅದೊಂದು ದೊಡ್ಡ ಉದ್ಯಮವೇ ಆಯಿತು. ಅಂದರೆ ಅಲ್ಲಿಯ ಅಡುಗೆಮನೆಗಳ ಬೆಕ್ಕುಗಳೂ ಒಂದು ಕಾಲಕ್ಕೆ ಬೂದಿಯ ಬೆಕ್ಕುಗಳೇ ಆಗಿದ್ದವು.

ಬೂದ್ಯಾನಿಗೆ ಯಾರೂ ಪಾಠ ಹೇಳಲಿಲ್ಲ. ಪೆಟ್ಟಿಗೆಯನ್ನು ಇಟ್ಟ ದಿನವೇ ಒಳಗಿಳಿದು, ಕೆದರಿ, ಕುಳಿತು, ಮುಚ್ಚಿ ಬಂದ. ಅದು ಅವನ ವಂಶದ ವಿದ್ಯೆ. ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕೆಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಒಣನೆಲದ ಪ್ರಾಣಿಗೆ ಸಡಿಲವಾದ ನುಣುಪು ಮಣ್ಣೆಂದರೆ ಪ್ರೀತಿ. ನೀರು ಕುಡಿಯುವುದೆಂದರೆ ಆಲಸ್ಯ. ಈ ಎರಡನೆಯ ಗುಣ ಮುಂದೆ ನಮಗೆ ಗಂಡಾಂತರ ತಂದೀತೆಂದು ಆಗ ತಿಳಿದಿರಲಿಲ್ಲ.

ಎರಡು ವರ್ಷ ಸುಸೂತ್ರವಾಗಿ ನಡೆಯಿತು. 2023ರ ಬೇಸಿಗೆಯಲ್ಲಿ ಸಂಬಂಧಿಕರ ಮದುವೆಗೆಂದು ಧಾರವಾಡಕ್ಕೆ ಹೋಗಿ ಮೂರು ದಿನ ಬಿಟ್ಟು ಬಂದೆವು. ಕೆಳಗಿನ ಮಳಿಗೆಯ ಹುಡುಗ ಒಣ ಆಹಾರವನ್ನೂ ನೀರನ್ನೂ ಇಟ್ಟು ಹೋಗುತ್ತಿದ್ದ. ಬಂದ ಮರುದಿನ ಬೆಳಿಗ್ಗೆ ನನ್ನ ಗಾದಿಯ ನಡುವೆ ರೂಪಾಯಿಯಗಲದ ಒಂದು ಕಲೆ. ಮರುದಿನ ಬಚ್ಚಲಿನ ಮೂಲೆಯಲ್ಲಿ. ಅದರ ಮರುದಿನ, ನಾನು ಜೋಡಿಸಿಟ್ಟಿದ್ದ ಹಳೆಯ ಮಾಸಪತ್ರಿಕೆಗಳ ಮೇಲೆ. ಪೆಟ್ಟಿಗೆ ಮಾತ್ರ ಕೆದರಿದಂತೆ ಕಾಣುತ್ತಿದ್ದರೂ ಬಹುತೇಕ ಒಣಗಿಯೇ ಇತ್ತು.

ಮೇಷ್ಟರ ಬುದ್ಧಿ ಎಂದರೆ ಬಲು ಚುರುಕು. ಅಪರಾಧಕ್ಕಿಂತ ಮೊದಲೇ ಅದಕ್ಕೆ ಕಾರಣ ಸಿದ್ಧವಾಗಿರುತ್ತದೆ. ‘ನಾವು ಬಿಟ್ಟು ಹೋದ ಸಿಟ್ಟಿಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ’ ಎಂದು ತೀರ್ಪು ಕೊಟ್ಟೆ. ಹಿಂದಿನವರು ಹೇಳಿದಂತೆ ಕಲೆಯ ಬಳಿಗೆ ಒಯ್ದು ಮೂಗು ತಿಕ್ಕಿದೆ. ಗದರಿದೆ. ಬಚ್ಚಲಿನಲ್ಲಿ ಪೆಟ್ಟಿಗೆಯೊಂದಿಗೆ ಕೂಡಿಹಾಕಿದೆ. ವಾಸನೆ ಹೋಗಲೆಂದು ನೆಲಕ್ಕೂ ಪೆಟ್ಟಿಗೆಗೂ ಫಿನೈಲ್ ಸುರಿದು ತಿಕ್ಕಿದೆ. ಬೂದ್ಯಾ ಪೆಟ್ಟಿಗೆಯ ಅಂಚಿಗೆ ಬಂದು, ಮೂಸಿ, ಕಿವಿ ಹಿಂದಕ್ಕೊತ್ತಿ ಓಡಿಹೋಗುತ್ತಿದ್ದ. ‘ಎಷ್ಟು ಸೊಕ್ಕು ನೋಡು!’ ಎಂದೆ.

ನಾಲ್ಕನೆಯ ದಿನ ರಾತ್ರಿ ಹೆಂಡತಿ ನನ್ನನ್ನು ಎಬ್ಬಿಸಿದಳು.

‘ಅಲ್ರೀ, ಅದು ಹಟಾ ಮಾಡಾಕತ್ತಿಲ್ಲ. ಕೂಡತೈತಿ, ತಿಣಕತೈತಿ, ಏನೂ ಬರವಲ್ದು. ಹೆಂಗ ಒದರಾಕತ್ತೈತಿ ಕೇಳ್ರಿ.’

ಬಚ್ಚಲ ಬಾಗಿಲ ಹತ್ತಿರ ತಣ್ಣನೆಯ ಫರಸಿಯ ಮೇಲೆ ಬೂದ್ಯಾ ಕುಳಿತಿದ್ದ. ಬೆನ್ನು ಗೂನಾಗಿತ್ತು. ಒಂದು ಹನಿ ಬಿದ್ದಿತ್ತು. ದೀಪ ಹಾಕಿ ನೋಡಿದರೆ ಅದು ನಸುಗೆಂಪು. ಅವನು ನನ್ನನ್ನು ನೋಡಿ ಎದ್ದು ಓಡಲು ಯತ್ನಿಸಿದ. ಆ ಮೂರು ದಿನಗಳಲ್ಲಿ ನನ್ನನ್ನು ಕಂಡರೆ ಓಡಬೇಕೆಂಬುದನ್ನು ಅವನು ಚೆನ್ನಾಗಿ ಕಲಿತಿದ್ದ. ನಾನು ಕಲಿಸಿದ ಪಾಠ ಅದು.

ಬೆಳಕು ಹರಿಯುತ್ತಲೇ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದೆವು. ಆ ತರುಣ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಗಂಡೋ ಹೆಣ್ಣೋ, ಸರ?’ ಗಂಡೆಂದೊಡನೆ ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಕೋಶ ಕಲ್ಲಿನಂತೆ ಬಿಗಿದಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮೂತ್ರಕೋಶದ ಉರಿಯೂತದಿಂದ ಕಳಚಿದ ಲೋಳೆ, ಮೂತ್ರದಲ್ಲಿ ಹರಳುಗಟ್ಟಿದ ಲವಣ ಇವೆಲ್ಲ ಸೇರಿ ಅದನ್ನು ಬೂಚಿನಂತೆ ಮುಚ್ಚಿಬಿಡುತ್ತವೆ. ಆಮೇಲೆ ಹೊರಹೋಗಬೇಕಾದ ವಿಷವೆಲ್ಲ ರಕ್ತದಲ್ಲಿಯೇ ನಿಲ್ಲುತ್ತದೆ. ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿ ಜೀವಕ್ಕೆ ಕುತ್ತು. ‘ಇನ್ನೊಂದು ದಿನ ತಡ ಆಗಿದ್ರ ಕಷ್ಟ ಇತ್ತು, ಸರ’ ಎಂದರು. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆ ಹಾಕಿ, ಮೂತ್ರವನ್ನು ಹೊರತೆಗೆದರು. ರಕ್ತನಾಳಕ್ಕೆ ಸಲೈನ್ ಹಚ್ಚಿದರು. ಮೂರು ದಿನ ಬೂದ್ಯಾ ಅಲ್ಲಿಯೇ ಉಳಿದ. ಆ ಮೂರು ದಿನವೂ ಹೆಂಡತಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಬೂದ್ಯಾನನ್ನು ಮರಳಿ ಕೊಡುವಾಗ ವೈದ್ಯರು ಬಿಡಿಸಿ ಹೇಳಿದರು. ಉರಿಯೂತಕ್ಕೆ ಎಷ್ಟೋ ಸಲ ಖಚಿತವಾದ ಒಂದೇ ಕಾರಣ ಸಿಗುವುದಿಲ್ಲ. ಮನಸ್ಸಿನ ಒತ್ತಡ, ಕಡಿಮೆ ನೀರು, ಬರೀ ಒಣ ಆಹಾರ ಎಲ್ಲವೂ ಸೇರುತ್ತವೆ. ಮನೆಯವರಿಲ್ಲದ ಮೂರು ದಿನ ಅದಕ್ಕೊಂದು ನೆವವಾಗಿರಬಹುದು. ಆದರೆ ಬೆಕ್ಕಿಗೆ ಸೇಡಿನ ಲೆಕ್ಕ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಕುಳಿತಾಗ ನೋವಾಯಿತು. ನೋವನ್ನು ಕೊಟ್ಟದ್ದು ಪೆಟ್ಟಿಗೆಯೇ ಎಂದು ಅದು ತಿಳಿಯುತ್ತದೆ. ಮೆತ್ತನೆಯ ಗಾದಿಯಲ್ಲಾದರೂ, ತಣ್ಣನೆಯ ನೆಲದ ಮೇಲಾದರೂ ನೋಯದಿರಬಹುದು ಎಂದು ಜಾಗ ಹುಡುಕುತ್ತದೆ.

ನನಗೆ ಥಟ್ಟನೆ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಅರಸನು ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣ ಮೊದಲ ದಿನ ಕುದಿಯುವ ಹಾಲಿಟ್ಟ, ನಾಲಿಗೆ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಡತೊಡಗಿತು, ಸಭೆಯೆಲ್ಲ ಬೆರಗಾಯಿತು. ಈ ಕಥೆಯನ್ನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಭಿನಯಿಸಿ ಹೇಳಿದ್ದೇನೆ. ಬೆಕ್ಕು ಓಡುವ ಭಾಗ ಬಂದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕವಿಯ ಚಾತುರ್ಯವನ್ನು ಕುರಿತು ಪ್ರಶ್ನೆ ಕೇಳಿ ಅಂಕ ಕೊಟ್ಟಿದ್ದೇನೆ. ಸುಟ್ಟ ನಾಲಿಗೆಯನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳಿದ ನೆನಪಿಲ್ಲ.

ವೈದ್ಯರಿಗೆ ಫಿನೈಲಿನ ವಿಷಯ ಹೇಳಿದಾಗ ಅವರ ಮುಖ ಚಿಕ್ಕದಾಯಿತು. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಪಳಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಕಾಲಿಗೆ ಹತ್ತಿದ್ದನ್ನು ನೆಕ್ಕಿಕೊಂಡರೆ ವಿಷವೇ. ಅದೂ ಅಲ್ಲದೆ, ನಮಗೆ ಶುಚಿಯೆನಿಸುವ ಆ ಘಾಟು ಬೆಕ್ಕಿನ ಮೂಗಿಗೆ ಅಸಹ್ಯ. ಅಮೋನಿಯಾ ಬೆರೆತ ದ್ರಾವಣವಂತೂ ಮೂತ್ರದಂತೆಯೇ ನಾರಿ, ಮತ್ತೆ ಅಲ್ಲಿಗೇ ಕರೆಯುತ್ತದೆ. ಅಂದರೆ ನಾನು ಅವನ ಶೌಚದ ಜಾಗದಲ್ಲಿ ವಿಷ ಸುರಿದು, ಅದರೊಡನೆಯೇ ಕೂಡಿಹಾಕಿ, ಬಳಸಲಿಲ್ಲವೆಂದು ಗದರಿದ್ದೆ.

ಮನೆಗೆ ಬಂದ ಮೇಲೆ ನಾನು ವಿದ್ಯಾರ್ಥಿಯಾದೆ. ಬೆಕ್ಕು ಸಾಕುವ ಓದುಗರಿಗೆ ಉಪಯೋಗವಾದೀತೆಂದು ನಾವು ಮಾಡಿದ್ದನ್ನು ಹೇಳುತ್ತೇನೆ. ಹಳೆಯ ಪೆಟ್ಟಿಗೆಯನ್ನು ಎಸೆದೆವು, ನೋವಿನ ನೆನಪು ಅದಕ್ಕೆ ಅಂಟಿಕೊಂಡಿತ್ತು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟಾದರೂ ಪೆಟ್ಟಿಗೆ ಇರಬೇಕಂತೆ. ಬೆಕ್ಕಿಗೆಂದೇ ಮಾರುವವು ಬಹಳಷ್ಟು ಚಿಕ್ಕವು. ಬಟ್ಟೆ ತುಂಬುವ ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದೆವು. ಮುಚ್ಚಳ ಹಾಕಲಿಲ್ಲ, ಮುಚ್ಚಿದರೆ ವಾಸನೆ ನಮಗೆ ತಪ್ಪುತ್ತದೆ, ಅವನ ಮೂಗಿಗೆ ಕಟ್ಟುತ್ತದೆ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಪೆಟ್ಟಿಗೆ ಹೆಚ್ಚಿರಬೇಕೆಂಬ ನಿಯಮದಂತೆ ಎರಡನ್ನು ಬೇರೆ ಬೇರೆ ಕಡೆ ಇಟ್ಟೆವು. ಮೊದಲಿನ ಪೆಟ್ಟಿಗೆ ಇದ್ದದ್ದು ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ಕುಳಿತಾಗಲೇ ಅದು ಗಡಗಡ ನಡುಗಿದರೆ ಯಾರಿಗೆ ಬಂದೀತು? ಪರಿಮಳ ಬೆರೆಸಿದ ಹರಳುಗಳನ್ನು ಬಿಟ್ಟು ವಾಸನೆಯಿಲ್ಲದ ಸಣ್ಣ ಹರಳುಗಳನ್ನು ಎರಡು ಮೂರು ಬೆರಳು ದಪ್ಪ ಹರಡಿದೆವು. ದಿನಕ್ಕೆ ಎರಡು ಸಲ ಗೋರಿ ತೆಗೆಯುತ್ತೇವೆ. ತೊಳೆಯಲು ಬಿಸಿನೀರು, ವಾಸನೆಯಿಲ್ಲದ ಸಾಬೂನು. ಕಲೆಯಾದ ಕಡೆಗೆ ಕಿಣ್ವಗಳಿರುವ ದ್ರಾವಣ. ಮೂತ್ರದ ವಾಸನೆಯನ್ನು ಬುಡದಿಂದ ಕೀಳುವುದು ಅದೊಂದೇ. ಒಣ ಆಹಾರವನ್ನು ಇಳಿಸಿ ನೀರಿನಂಶದ ಆಹಾರವನ್ನು ಏರಿಸಿದೆವು. ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲುಗಳು ಬಂದವು.

ಇನ್ನೊಂದು ಮಾತು. ಬೆಕ್ಕು ನಿಂತುಕೊಂಡು, ಬಾಲ ನಡುಗಿಸುತ್ತ ಗೋಡೆಗೆ ಚಿಮುಕಿಸಿದರೆ ಅದು ಗಡಿ ಗುರುತಿಸುವ ಬಗೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಕುಳಿತು ನೆಲದ ಮೇಲೆ ಮಾಡಿದರೆ ಕಾರಣ ಬೇರೆ. ಪದೇ ಪದೇ ಕುಳಿತು ತಿಣುಕುವುದು, ಕೂಗುವುದು, ರಕ್ತ ಕಾಣುವುದು ಇವು ಕಂಡರೆ, ಅದರಲ್ಲೂ ಗಂಡು ಬೆಕ್ಕಾದರೆ, ಬೆಳಗಿನವರೆಗೂ ಕಾಯಬಾರದು.

ಈಗ ನಾನು ಬರೆಯಲು ಹಿಂಜರಿಯುತ್ತಿದ್ದ ಭಾಗಕ್ಕೆ ಬರುತ್ತೇನೆ.

ಪೆಟ್ಟಿಗೆ ಗೋರುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಕೇಳಿ ಪಡೆದೆ. ಒಂದು ಮುಂಜಾನೆ ಗೋರುತ್ತಿರುವಾಗ, ನಲವತ್ತು ವರ್ಷಗಳ ಹಿಂದಿನ ಒಂದು ಶಾಲೆ ಕಣ್ಣ ಮುಂದೆ ಬಂತು. 1983ನೆಯ ಇಸವಿ, ಆಗಿನ ಧಾರವಾಡ ಜಿಲ್ಲೆಯ ಒಂದು ಊರು. ಶಾಲೆಯ ಹಿಂದೆ ಮೂರು ಗೋಡೆಗಳ ಒಂದು ಮರೆ. ಬಾಗಿಲಿಲ್ಲ, ನೀರಿಲ್ಲ. ಹುಡುಗರಿಗೆ ಊರೆಲ್ಲ ಬಯಲು. ಹುಡುಗಿಯರು ಏನು ಮಾಡುತ್ತಾರೆಂದು ನಾನು ಯೋಚಿಸಿದವನೇ ಅಲ್ಲ.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅಕ್ಷರ ಮುತ್ತಿನಂತಿತ್ತು. ಆದರೆ ಮಧ್ಯಾಹ್ನದ ಬಿಡುವಿನ ಬಳಿಕ ದಿನವೂ ಹತ್ತು ಹದಿನೈದು ನಿಮಿಷ ತಡ. ಬೆವರುತ್ತ ಓಡಿ ಬರುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಶಿಸ್ತಿನ ಮೇಷ್ಟರೆಂದು ಹೆಸರು ಪಡೆದಿದ್ದ ನಾನು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಪ್ರಗತಿಪತ್ರದಲ್ಲಿ ‘ಹಟಮಾರಿ, ಸಮಯಪಾಲನೆಯಿಲ್ಲ’ ಎಂದು ಬರೆದೆ. ಒಂದು ದಿನ ನಮ್ಮ ಶಾಲೆಯ ಹಿರಿಯ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

‘ಸರ, ಆಕಿನ್ನ ದಿನಾ ಹೊರಗ ನಿಂದ್ರಸ್ತೀರಿ. ಆಕಿ ಮನಿಗೆ ಯಾಕ ಓಡ್ತಾಳ ಅಂತ ಒಮ್ಮೆರೆ ಕೇಳೀರೇನು?’

ಅವಳ ಮನೆ ಊರಾಚೆಯ ತೋಟದಲ್ಲಿತ್ತು. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ, ಬಿಡುವಿನಲ್ಲಿ ಅಷ್ಟು ದೂರ ಓಡಿಹೋಗಿ, ಹಿತ್ತಲಿನ ಮರೆಯಲ್ಲಿ ಕುಳಿತು, ಮತ್ತೆ ಓಡಿ ಬರುತ್ತಿದ್ದಳು. ಉಳಿದ ಹುಡುಗಿಯರು ಸಂಜೆಯವರೆಗೂ ತಡೆದುಕೊಳ್ಳುತ್ತಿದ್ದರು. ಇವಳಿಗೆ ಒಮ್ಮೆ ಉರಿಮೂತ್ರವಾಗಿ ಜ್ವರ ಬಂದಿತ್ತಂತೆ, ಆಮೇಲೆ ತಡೆದುಕೊಳ್ಳಲು ಹೆದರುತ್ತಿದ್ದಳು. ಎಲ್ಲ ಹುಡುಗಿಯರಿಗೂ ತಿಳಿದದ್ದು, ಅಕ್ಕೋರಿಗೆ ತಿಳಿದದ್ದು, ನನಗೊಬ್ಬನಿಗೆ ತಿಳಿದಿರಲಿಲ್ಲ. ಮರುದಿನದಿಂದ ಅವಳನ್ನು ಹೊರಗೆ ನಿಲ್ಲಿಸುವುದನ್ನು ಬಿಟ್ಟೆ. ಅಷ್ಟೇ ಮಾಡಿದೆ. ಮೂರು ಗೋಡೆಗೆ ಒಂದು ಬಾಗಿಲು ಬೇಕೆಂದು ಯಾರನ್ನೂ ಕೇಳಲಿಲ್ಲ. ಏಳನೆಯದು ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಪ್ರಗತಿಪತ್ರದಲ್ಲಿ ಬರೆದದ್ದನ್ನು ನಾನು ಅಳಿಸಲೂ ಇಲ್ಲ.

ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ಬಂದದ್ದು 2009ರಲ್ಲಿ, ನಾನು ನಿವೃತ್ತನಾದ ಮರುವರ್ಷ. 2012ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ತಿಂಗಳ ಗಡುವು ಕೊಟ್ಟು ಆದೇಶಿಸಿತು. 2014ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದಲೂ ಆ ಮಾತು ಬಂತು. ಬಾಗಿಲುಗಳು ಬಂದವು. ಆದರೆ ಗೋಡೆ ಎದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿಲ್ಲದ, ಚಿಲಕವಿಲ್ಲದ, ಬೀಗ ಹಾಕಿಟ್ಟ ಶೌಚಾಲಯ ಲೆಕ್ಕದ ಪುಸ್ತಕದಲ್ಲಿರುತ್ತದೆ, ಬಳಕೆಯಲ್ಲಿರುವುದಿಲ್ಲ. ಮಕ್ಕಳು ಅದನ್ನು ಏಕೆ ಬಳಸುತ್ತಿಲ್ಲ ಎಂದು ಕೇಳುವವರು ಮೊದಲು ಅದರ ಬಾಗಿಲು ತೆರೆದು ನೋಡಬೇಕು.

ಹುಡುಗಿಯನ್ನೂ ಬೆಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ತಿಳಿಯಬಾರದು. ತೂಗುತ್ತಿರುವುದು ನನ್ನನ್ನು. ಮೂವತ್ತರಲ್ಲಿ ಮಾಡಿದ ತಪ್ಪನ್ನೇ ಎಪ್ಪತ್ತರಲ್ಲಿ ಮತ್ತೆ ಮಾಡಿದೆ. ಎರಡು ಸಲವೂ ಹಟ, ಸೊಕ್ಕು ಎಂಬ ಶಬ್ದಗಳು ನನ್ನ ನಾಲಿಗೆಯ ತುದಿಯಲ್ಲಿಯೇ ಇದ್ದವು. ಎರಡು ಸಲವೂ ನಿಜವನ್ನು ಕಂಡದ್ದು ಹೆಂಗಸಿನ ಕಣ್ಣು.

ಬೂದ್ಯಾ ಈಗ ಚೆನ್ನಾಗಿದ್ದಾನೆ. ಗಣೇಶ ಚೌತಿಯ ಮೆರವಣಿಗೆಯಲ್ಲಿ, ದೀಪಾವಳಿಯ ಪಟಾಕಿಗೆ ಬೈಲೆಲ್ಲ ಗುಡುಗುವಾಗ ಹೆದರಿ, ಒಂದೆರಡು ಸಲ ಮಂಚದ ಕೆಳಗೇ ಮಾಡಿದ್ದುಂಟು. ನಾನು ಗದರುವುದಿಲ್ಲ. ಮೊದಲು ಪೆಟ್ಟಿಗೆಯನ್ನು ನೋಡುತ್ತೇನೆ, ಆಮೇಲೆ ನೀರಿನ ಬಟ್ಟಲನ್ನು, ಆಮೇಲೆ ಅವನ ಬೆನ್ನನ್ನು. ನನ್ನನ್ನು ಕಂಡು ಓಡುವುದನ್ನು ಅವನು ಬಿಡಲು ಎರಡು ತಿಂಗಳು ಹಿಡಿಯಿತು. ಈಗ ಬೆಳಿಗ್ಗೆ ಗೋರುವಾಗ ಪಕ್ಕದಲ್ಲಿ ಕುಳಿತು, ಕೆಲಸ ಸರಿಯಾಗಿ ಆಯಿತೋ ಇಲ್ಲವೋ ಎಂದು ತಪಾಸಣಾಧಿಕಾರಿಯಂತೆ ನೋಡುತ್ತಾನೆ. ಹೊಸ ಹರಳು ಹರಡಿದೊಡನೆ ಒಳಗಿಳಿದು ಮೊದಲ ಸಹಿ ಹಾಕುತ್ತಾನೆ.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು: ‘ಬರಿಯೂದು ಆತೇನ್ರಿ? ಉಸುಕಿನ ಪೆಟಗಿ ಯಾರು ನೋಡೋರು?’

ಹೊರಟೆ.